ಒಗೆಯದ ಸೀರೆಯ ಕೌದಿ

ಹಳೆ ಸೀರೆಯ ಕೌದಿ ಹೊದ್ದು ಮಲಗಿದವರಿಗೆ ಆ ಸೀರೆ ಉಟ್ಟವರ ದಿನಗಳೇ ಕನಸಾಗಿ ಬೀಳುತ್ತವೆ. ಅದಕ್ಕೇ ಬಾಳವ್ವನ ಓಣಿಯ ಹೆಂಗಸರು ಸೀರೆಯನ್ನು ಮೂರು ಸಲ ಒಗೆಯದೆ ಕತ್ತರಿ ಹಾಕುವುದಿಲ್ಲ. ಒಗೆತಕ್ಕೆ ಕೆಟ್ಟ ದಿನಗಳು ಬಿಟ್ಟುಹೋಗುತ್ತವೆ. ಮದುವೆ, ಹಬ್ಬ, ಬಾಣಂತನದ ದಿನಗಳು ಗಟ್ಟಿ ಬಣ್ಣದ ಹಾಗೆ ಉಳಿಯುತ್ತವೆ.

ಹುಬ್ಬಳ್ಳಿಯ ಶರ್ವಾಣಿ ತಾನು ಹೊಲಿಯಲು ಹೇಳಿದ್ದ ಕೌದಿ ಒಯ್ಯಲು ಬಂದಾಗ ಬಾಳವ್ವ ಕೊನೆಯ ಮೂಲೆ ಹೊಲಿಯುತ್ತಿದ್ದಳು. ಬಾಳವ್ವನ ಅವ್ವ ಹೊಲಿದಿದ್ದ ಕೌದಿಯನ್ನು ‘ನನ್ನಜ್ಜಿಯದು’ ಎಂದು ಪ್ರದರ್ಶನಕ್ಕಿಟ್ಟು ಹಾರ ಹಾಕಿಸಿಕೊಂಡವಳು ಇದೇ ಶರ್ವಾಣಿ. ಅದನ್ನು ನೋಡಲು ಅವ್ವ ಹೊಸ ಇಳಕಲ್ ಸೀರೆ ಉಟ್ಟು ಹೋದರೆ, ‘ಯಾರೀ ಮುದುಕಿ, ಹೊರಗೆ ಕಳಿಸಿ’ ಅಂದವಳೂ ಇವಳೇ. ಅವತ್ತು ಬಿಚ್ಚಿಟ್ಟ ಸೀರೆಯನ್ನು ಅವ್ವ ಸಾಯೋತನಕ ಮತ್ತೆ ಮುಟ್ಟಲಿಲ್ಲ. ಬಾಳವ್ವ ಆ ಮುದುಕಿಯ ಮಗಳೆಂದು ಶರ್ವಾಣಿಗೆ ಗೊತ್ತಿಲ್ಲ.

“ಸೀರೆ ಒಗೆದಿಲ್ಲ ತಾನೆ? ಬಣ್ಣ ಹೋಗುತ್ತೆ ಅಂತ ಮೊದಲೇ ಹೇಳಿದ್ದೆ,” ಅಂದಳು ಶರ್ವಾಣಿ.

“ನೀವು ಹೇಳಿದ ಮ್ಯಾಲ ಮುಗೀತ್ರಿ ಬಾಯಾರ. ಒಂದ ಹನಿ ನೀರ ಮುಟ್ಟಿಸಿಲ್ಲ.”

ಶರ್ವಾಣಿ ಕೌದಿಯನ್ನು ಹೆಗಲಿಗೆ ಹೊದ್ದು ಕನ್ನಡಿ ನೋಡಿಕೊಂಡಳು. “ನನ್ನ ಬೇರು ಇಲ್ಲೇ ಇದೆ ಅನಿಸುತ್ತೆ. ಇನ್ಮೇಲೆ ದಿನಾ ಇದನ್ನೇ ಹೊದ್ದು ಮಲಗ್ತೀನಿ. ಯಾರ ಸೀರೆ ಇದು?”

“ನಮ್ಮವ್ವಂದ್ರಿ.” ಬಾಳವ್ವ ಕೌದಿಯ ಮೂಲೆ ಎಳೆದು, ಅಲ್ಲಿ ಜೋತಿದ್ದ ದಾರವನ್ನು ಹಲ್ಲಿನಿಂದ ಕಡಿದಳು. “ಒಮ್ಮಿ ಅಷ್ಟ ಉಟ್ಟಿದ್ಲು. ಅದೊಂದ ದಿನದ ಕನಸ ಬೀಳತೈತಿ. ಆದ್ರ ಆ ದಿನದಾಗ ನೀವೂ ಅದೀರಿ.”