ಸರಪಳಿಯ ಹಿಂದಿನ ತುದಿ

“ನೆಟ್ಟೆ!” ಗುರುತುಕಡ್ಡಿಯನ್ನು ಹುಲ್ಲಿನ ನೆಲಕ್ಕೆ ಚುಚ್ಚಿ ಹೈರಮ್ ಕೂಗಿದ. ಕೂಗಿ, ರೂಢಿಯಂತೆ ಉತ್ತರಕ್ಕೆ ಕಾದ.

ಅಳತೆ ಸರಪಳಿಯ ಹಿಂದಿನ ತುದಿ ಹಿಡಿಯುತ್ತಿದ್ದ ಒಬೆಡ್ ಜ್ವರದಲ್ಲಿ ಸತ್ತಿದ್ದ. ನಿನ್ನೆ ಅವನನ್ನು ಹೂತು, ತೋಳಗಳಿಗೆ ಸುಳಿವು ಸಿಗದಂತೆ ಮೇಲೆ ದಂಡಿನ ಗಾಡಿಗಳನ್ನು ಹಾಯಿಸಿದ್ದರು. ಪಶ್ಚಿಮದ ದಾರಿ ಅಳೆಯುತ್ತಾ ಮಿಸೌರಿ ನದಿ ಬಿಟ್ಟಾಗಿನಿಂದ ಐನೂರು ಮೈಲಿ ಅವನದು ಒಂದೇ ಉತ್ತರ: “ಹಿಡ್ದೆ ಕಣೋ! ಮೆಲ್ಲಗ್ ನಡಿಯೋ, ನಿನ್ ಮದ್ವೆಗೇನ್ ಹೊತ್ತಾಯ್ತಾ?” ಇವತ್ತು ಆ ತುದಿಯನ್ನು ಗೂಟಕ್ಕೆ ಸಿಕ್ಕಿಸಿದ್ದರು.

“ಗೂಟ ಮಾತಾಡುತ್ತೇನಯ್ಯಾ? ಕೆಲ್ಸ ನೋಡು,” ನಕ್ಷೆಯ ಮೇಲೆ ಬಗ್ಗಿದ್ದ ಲೆಫ್ಟಿನೆಂಟ್ ಕ್ರೇನ್ ತಲೆ ಎತ್ತದೆ ಗದರಿದ.

ಹೈರಮ್ ಸರಪಳಿಯುದ್ದಕ್ಕೂ ಅರವತ್ತಾರು ಅಡಿ ಹಿಂದೆ ಹೋದ. ಗೂಟ ಕಿತ್ತು, ಯಾರಿಗೂ ಕೇಳದಂತೆ, “ಹಿಡ್ದೆ ಕಣೋ,” ಎಂದ. ಆಮೇಲೆ ಪಶ್ಚಿಮಕ್ಕೆ ತಿರುಗಿ, ಐನೂರು ಮೈಲಿಯಲ್ಲಿ ಮೊದಲ ಸಲ, ಮೆಲ್ಲಗೆ ನಡೆದ.