ಚಂದಮ್ಮ ಏಳಲಿಲ್ಲ

"ಚಂದಮ್ಮಾ, ಸ್ವಲ್ಪ ಏಳವ್ವ. ಲಲಿತಾಬಾಯಿಯವರದು ಮೊದಲ ಮುಗಿಸ್ತೀವಿ," ಎಂದು ನರ್ಸ್ ಮುಖ ನೋಡದೆ ಹೇಳಿದಳು. ಹುಮನಾಬಾದಿನ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿದ್ದ ಎರಡು ಮಷೀನುಗಳಲ್ಲಿ ಒಂದು ಕೆಟ್ಟು ನಿಂತಿತ್ತು. ಉಳಿದೊಂದರ ಪಕ್ಕದ ಮಂಚದ ಮೇಲೆ ಹುಡಗಿ ಎಂಬ ಹಳ್ಳಿಯ ಕುರಿ ಕಾಯುವ ಚಂದಮ್ಮ ಆಗಲೇ ತೋಳು ಚಾಚಿ ಮಲಗಿದ್ದಳು. ರಾಜೇಶ್ವರ ಊರಿನ ವ್ಯಾಪಾರಸ್ಥರ ಮನೆಯ ಲಲಿತಾಬಾಯಿ ಮಗ ಶರಣಕುಮಾರನ ಭುಜ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವನು ಆಗಷ್ಟೇ ದೊಡ್ಡವರೊಬ್ಬರಿಂದ ಆಸ್ಪತ್ರೆಗೆ ಫೋನ್ ಮಾಡಿಸಿದ್ದ.

ಚಂದಮ್ಮನ ಮುಖ ಬಾತಿತ್ತು, ಮಾತಿಗೆ ಉಸಿರು ಸಾಲುತ್ತಿರಲಿಲ್ಲ. "ನಾ ಏಳಂಗಿಲ್ರಿ. ಹೋದ ಸರ್ತಿನೂ ಹಿಂಗೇ ಎಬ್ಬಿಸಿ ಮನಿಗಿ ಕಳಿಸಿದ್ರಿ. ಇವತ್ತೂ ಎದ್ದರ, ನಾಳಿ ನಮ್ಮಂಥ ಬಡವರನ್ನ ಎಲ್ಲಾರನೂ ಎಬ್ಬಸ್ತೀರಿ."

"ನಮ್ಮವ್ವನ ಜೀವದ ಪ್ರಶ್ನಿ ಅದ," ಎಂದ ಶರಣಕುಮಾರ.

"ನಂದೂ ಜೀವನೇ ಅದರಿ, ಸಾವ್ಕಾರ್ರ."

ಹೋದ ಸರ್ತಿ ತಮಗೆ ಅಷ್ಟು ಬೇಗ ಪಾಳಿ ಹೇಗೆ ಬಂತೆಂದು ಲಲಿತಾಬಾಯಿ ಕೇಳಿರಲೇ ಇಲ್ಲ. ಒಮ್ಮೆ ಡಯಾಲಿಸಿಸ್ ತಪ್ಪಿದರೆ ಎದೆಯ ಮೇಲೆ ಕಲ್ಲು ಹೇರಿದಂತಾಗುವುದು ಅವರಿಗೆ ಗೊತ್ತಿತ್ತು. ಆ ಸಂಕಟ ಹೊತ್ತು ಬಸ್ಸಿನಲ್ಲಿ ಬಂದವಳು, ತಮ್ಮೆಲ್ಲರ ಎದುರು ಕದಲದೆ ಮಲಗಿದ್ದಳು. ಆ ಎದೆಗಾರಿಕೆ ತಮ್ಮಲ್ಲಿಲ್ಲ ಎನ್ನಿಸಿತು. ಅವರು ಮಗನ ಭುಜದಿಂದ ಕೈ ತೆಗೆದು, ಹೊರಗಿನ ಬೆಂಚಿನ ಮೇಲೆ ತಾವೇ ಹೋಗಿ ಕೂತರು.

"ಆಕಿದೇ ಪಾಳಿ ಅದ," ಎಂದು ನರ್ಸಿಗೆ ಕೂಗಿ ಹೇಳಿದರು. "ಸೂಜಿ ಹಾಕ್ರಿ."