ಏಳನೆಯ ಫಲಕದ ಧೂಳು

ಸತ್ತವರ ನೆರಳು ಅವರು ದಿನಾ ಮುಟ್ಟುತ್ತಿದ್ದ ವಸ್ತುವಿನ ಮೇಲೆ ಕೆಲವು ತಿಂಗಳು ಉಳಿಯುವುದು ಗದಗಿನಲ್ಲಿ ಯಾರಿಗೂ ಹೊಸದಲ್ಲ. ಬಯಲಲ್ಲಿ ಪರೀಕ್ಷೆಗಿಟ್ಟ ತೆಳುಪದರದ ಸೌರಫಲಕಗಳನ್ನು ಒರೆಸುತ್ತಿದ್ದ ಮುದಕಪ್ಪನ ನೆರಳೂ ಏಳನೆಯ ಫಲಕದ ಮೇಲೆ ಉಳಿದಿತ್ತು. ಅವನ ಕೆಲಸಕ್ಕೆ ಬಂದ ಹೆಂಡತಿ ಫಕೀರವ್ವ ದಿನಾ ಅವನ ಕೈಯ ನೆರಳಿನ ಮೇಲೆ ತನ್ನ ಕೈಯಿಟ್ಟೇ ಒರೆಸುವಳು. ದಿನದ ವಹಿಯಲ್ಲಿ ‘ನೆರಳು’ ಎಂದು ಬರೆದರೆ ಫಲಕವನ್ನೇ ಕಿತ್ತೊಯ್ಯುತ್ತಾರೆಂದು, ಅದರ ಕರೆಂಟು ಕಡಿಮೆಯಾದದ್ದಕ್ಕೆ ಕಾರಣ ‘ಧೂಳು’ ಎಂದೇ ಬರೆಯುವಳು.

ಇಂದು ಇಂಜಿನಿಯರ್ ಜಯತೀರ್ಥ ಮೀಟರು ನೋಡಿ ಹಿಗ್ಗಿದ. “ಫಕೀರವ್ವಾ, ಏಳನೇದು ಪೂರಾ ಕರೆಂಟ್ ಕೊಡ್ಲಿಕ್ಕತ್ತದ! ಏನ್ ಮಾಡಿದ್ರಿ?”

ಫಲಕದ ತುಂಬ ಬರೀ ಬಿಸಿಲು. ಬಟ್ಟೆ ಹಿಡಿದ ಕೈಯನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ.

“ಏನಿಲ್ರೀ ಸಾಹೇಬ್ರ,” ಎಂದಳು. “ಧೂಳ ಹೋತು.”